ಕಟ್ಟಡದ ಪಾತ್ರ ವಹಿಸಿದ ಸುಬ್ರಾಯಣ್ಣ

ಸುಬ್ರಾಯಣ್ಣ ಹೆಗಲ ಮೇಲಿನ ಟವೆಲ್ಲನ್ನು ಸೊಂಟಕ್ಕೆ ಬಿಗಿದನೆಂದರೆ ಆಮೇಲೆ ಅವನು ಸುಬ್ರಾಯಣ್ಣನಲ್ಲ; ಕುಮಟೆಯಲ್ಲಿರುವ ನಮ್ಮ ವಿದ್ಯುತ್ ಕಂಪನಿಯ ತಾಲೂಕು ಮುಖ್ಯ ಕಚೇರಿಯ ಕಟ್ಟಡ. ನಾನು ಅಲ್ಲಿ ಬಿಲ್ ಕಟ್ಟಿಸಿಕೊಳ್ಳುವ ಗುಮಾಸ್ತೆ, ಅವನು ಅಟೆಂಡರ್. ರಜೆಯ ದಿನ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದ. ವೇಷವಿಲ್ಲದೆ ಬರೀ ಮಾತಿನಲ್ಲೇ ಪಾತ್ರ ಕಟ್ಟುವ ಆ ಚಟ ಕಚೇರಿಗೂ ಬಂದಿತ್ತು.

ಕರೆಂಟು ಹೋಗಿ ಕಂಪ್ಯೂಟರ್ ಆರಿದಾಗ (ನಮ್ಮಲ್ಲೂ ಹೋಗುತ್ತದೆ, ನಗಬೇಡಿ) ಸಾಲಿನಲ್ಲಿ ನಿಂತವರ ಎದುರು ಶುರು ಮಾಡುತ್ತಿದ್ದ.

“ಕೇಳಿರಯ್ಯಾ! ಹುಟ್ಟುವಾಗ ನಾನು ಉಪ್ಪಿನ ಗೋದಾಮು. ಕಾಸರಕೋಡಿನ ದೋಣಿಗಳು ತಂದ ಉಪ್ಪನ್ನೆಲ್ಲ ನುಂಗಿದವ. ಇಂದಿಗೂ ಗೋಡೆ ಬೆವರುತ್ತದೆ, ಬಿ.ಪಿ. ಇಳಿದಿಲ್ಲ! ಪ್ರಾಯದಲ್ಲಿ ಹೆಂಚಿನ ಗೋದಾಮಾದೆ. ಒಡಲ ತುಂಬ ಹೆಂಚಿದ್ದರೂ ನೆತ್ತಿ ಸೋರುವುದು ತಪ್ಪಲಿಲ್ಲ! ಕೊನೆಗೆ ಗೇರುಸೊಪ್ಪೆಯ ಕರೆಂಟು ನನ್ನನ್ನು ವರಿಸಿತು. ಊರಿಗೆಲ್ಲ ಬೆಳಕು ಹಂಚಿದೆ, ನನ್ನ ಪಾಯಖಾನೆಗೆ ಮಾತ್ರ ಬಲ್ಬಿಲ್ಲ!”

ಇದರಲ್ಲಿ ಕೊನೆಯ ಮಾತೊಂದೇ ಅಪ್ಪಟ ಇತಿಹಾಸ. ಉಳಿದದ್ದಕ್ಕೆ ಅವನ ಬಾಯಿಯೇ ಆಧಾರ. ಬಿಲ್ ಜಾಸ್ತಿ ಬಂತೆಂದು ಬಾಡ ಊರಿನಿಂದ ಜಗಳಕ್ಕೆ ಬಂದಿದ್ದ ಹೆಂಗಸೊಬ್ಬಳು, “ಪಾಪ, ಇದ್ಕೇ ಇಷ್ಟ್ ಕಷ್ಟ ಉಂಟು” ಎಂದು ಗೋಡೆ ಸವರಿ, ತೆಪ್ಪಗೆ ದುಡ್ಡು ಕಟ್ಟಿ ಹೋಗಿದ್ದಳು.

ಗೋಡೆಗೆ ಕಾಲು ಕೊಟ್ಟು ನಿಂತವರನ್ನು ಕಂಡರೆ ಮಾತ್ರ ಅವನಿಗೆ ಕೆಂಡಾಮಂಡಲ ಸಿಟ್ಟು. “ಎಂತಕ್ಕೆ ಸುಬ್ರಾಯಣ್ಣ ಇಷ್ಟು?” ಎಂದು ಒಮ್ಮೆ ಕೇಳಿದೆ.

“ಈ ಗೋಡೆ ಕಟ್ಟುವಾಗ ನಮ್ಮಪ್ಪ ಹೊತ್ತ ಚಿರೆಕಲ್ಲೊಂದು ಉಂಟು ತಂಗಿ ಇದ್ರಲ್ಲಿ. ಯಾವ್ದು ಅಂತ ಅವ ಹೇಳ್ಲೇ ಇಲ್ಲ. ಹಂಗಾಗಿ ಎಲ್ಲಾ ಕಲ್ಲಿಗೂ ಮರ್ಯಾದೆ ಕೊಡುದು.”

ಕಟ್ಟಡ ಕೆಡವಿ ಹೆದ್ದಾರಿ ಬದಿಗೆ ಹೊಸದು ಕಟ್ಟುವ ಮಾತು ಬಂತು. ಪರಿಶೀಲನೆಗೆ ಬಂದವರು ಭಟ್ಕಳ ಕಡೆಯ ಎಂಜಿನಿಯರ್ ಸಾಹೇಬರು. ಅವರು ಸುತ್ತಿಗೆಯಿಂದ ಗೋಡೆಗೆ ಬಡಿದದ್ದೇ ತಡ, ಸುಬ್ರಾಯಣ್ಣ ಟವೆಲ್ ಬಿಗಿದ.

“ಎಲವೋ! ನಿರಾಯುಧನಾದ ಮುದುಕನ ಪಕ್ಕೆಗೆ ಹೊಡೆಯುವ ನೀನಾರು?”

ಇವನ ನೌಕರಿ ಹೋಯಿತು ಅಂದುಕೊಂಡೆ. ಸಾಹೇಬರು ಸುತ್ತಿಗೆ ಕೆಳಗಿಟ್ಟರು, ಕನ್ನಡಕ ಒರೆಸಿದರು, ಗಂಟಲು ಸರಿಪಡಿಸಿಕೊಂಡರು.

“ಕಾಲನ ದೂತ ನಾನು! ನಿನ್ನ ಆಯುಸ್ಸು ಮುಗಿಯಿತು!”

ಅವರಿಗೂ ಅದೇ ಚಟವೆಂದು ಯಾರಿಗೆ ಗೊತ್ತಿತ್ತು! ವಾದ ಊಟದ ಹೊತ್ತು ಮೀರಿತು. ಲೈನ್‌ಮನ್ನರು ಕುರ್ಚಿ ಎಳೆದು ಕೂತರು. ಒಬ್ಬ ನನ್ನ ಮೇಜನ್ನೇ ಮದ್ದಳೆ ಮಾಡಿಕೊಂಡ. ಕೊನೆಗೆ ಸಾಹೇಬರು ಬೆವರೊರೆಸಿಕೊಂಡು, “ಎಷ್ಟ್ ಮಾತಾಡಿದ್ರೂ ಪ್ರಸಂಗದ ಕಥೆ ಪ್ರಕಾರ ನೀನು ಬೀಳ್ಲೇಬೇಕು ಮಾರಾಯ” ಎಂದರು.

“ಆತು ಸಾಹೇಬ್ರೆ, ಬೀಳ್ತೆ. ನಮ್ಮಪ್ಪ ಹೊತ್ತ ಕಲ್ಲೊಂದ್ ಬಿಟ್ಟು ಉಳ್ದದ್ದೆಲ್ಲ ಕೆಡವಿ.”

“ಯಾವ್ದು ಅದು?”

“ಅದು ಗೊತ್ತಿದ್ರೆ ಇಷ್ಟೊತ್ತು ಎಂತಕ್ಕೆ ಮಾತಾಡ್ತಿದ್ದೆ?”

ಸಾಹೇಬರು ಬಿದ್ದು ಬಿದ್ದು ನಕ್ಕರು. “ಆತು, ಮಳೆಗಾಲ ಕಳೀಲಿ. ಅಷ್ಟ್ರಲ್ಲಿ ಕಲ್ಲು ಹುಡ್ಕಿಡು.” ಅಂದಿನಿಂದ ಪ್ರತಿವರ್ಷ ಮಳೆ ನಿಂತ ಮೇಲೆ ಬರುವುದು, ವಾದಿಸುವುದು, ಸೋತು ಹೋಗುವುದು ಅವರಿಗೆ ರೂಢಿಯಾಯಿತು. ಕಲ್ಲು ಮಾತ್ರ ಸಿಗಲಿಲ್ಲ.

ಹೋದ ಮಳೆಗಾಲದಲ್ಲಿ ಸುಬ್ರಾಯಣ್ಣ ಜ್ವರ ಬಂದು ತೀರಿಕೊಂಡ. ನನಗೆ ಸ್ವಂತ ಅಣ್ಣನೇ ಹೋದಷ್ಟು ದುಃಖವಾಯಿತು. ಕರೆಂಟು ಹೋದರೆ ಕಚೇರಿಯಲ್ಲಿ ಈಗ ಬರೀ ಕತ್ತಲೆ.

ಮಳೆ ನಿಂತಿತು, ಸಾಹೇಬರು ಬಂದರು. ಗೋಡೆಯೆದುರು ನಿಂತು, “ನಿನ್ನ ಆಯುಸ್ಸು ಮುಗಿಯಿತು” ಎಂದರು. ದನಿಯಲ್ಲಿ ಜೋರಿರಲಿಲ್ಲ. ಉತ್ತರಕ್ಕೆ ಕಾದರು. ನಾವೂ ಪೆದ್ದರ ಹಾಗೆ ಗೋಡೆಯನ್ನೇ ನೋಡುತ್ತ ಕಾದೆವು. ಆಮೇಲೆ ಅವರು ಸುತ್ತಿಗೆಯನ್ನು ಚೀಲಕ್ಕೆ ಹಾಕಿ, “ಎದುರು ಅರ್ಥ ಹೇಳುವವ ಇಲ್ದೆ ಪ್ರಸಂಗ ಮುಗಿಸುದು ಕ್ರಮ ಅಲ್ಲ” ಎಂದು ಹೊರಗೆ ನಡೆದರು.

ಹೊರಗೆ ಅವರ ಡ್ರೈವರ್ ಗೋಡೆಗೆ ಕಾಲು ಕೊಟ್ಟು ನಿಂತು ಮೊಬೈಲು ನೋಡುತ್ತಿದ್ದ.

“ಕಾಲು ತೆಗಿ ಮಾರಾಯ” ಎಂದರು ಸಾಹೇಬರು. “ಯಾವ ಕಲ್ಲು ಅಂತ ಇನ್ನೂ ಗೊತ್ತಾಗ್ಲಿಲ್ಲ.”