ಪುಡಿ ಸಿಗದ ಮನೆಯ ಬಾಡಿಗೆದಾರಳು

ಶಿಡ್ಲಘಟ್ಟದ ಹತ್ತಿರದ ಈ ಹಳ್ಳಿಗೆ ಸೂಟ್‌ಕೇಸು ಹಿಡಿದು ಬಂದಿಳಿದ ದಿನ ನನ್ನ ಮನೆಯ ಯಜಮಾನಿ ಮಾಡಿದ ಮೊದಲ ಕೆಲಸ ನನ್ನನ್ನು ಮೂಸಿ ನೋಡಿದ್ದು. ತಮಾಷೆಗಲ್ಲ. ಬಾಗಿಲಿಗೆ ಅಡ್ಡ ನಿಂತು, ನನ್ನ ಕುತ್ತಿಗೆಯ ಹತ್ತಿರ ಮೂಗು ತಂದು, ಹಿಂದೆ ಸರಿದು, ಮುಖ ಸಿಂಡರಿಸಿಕೊಂಡರು.

"ಸೆಂಟಾ ಮೇಡಂ, ಪೌಡರಾ?"

"ಪೌಡರ್ ರೀ."

"ಹಂಗಾದ್ರೆ ಒಳಕ್ಕೆ ಬರ್ಬೇಡಿ. ಅಲ್ಲಿ ತೊಟ್ಟಿ ಹತ್ರ ಮುಖ ಕುತ್ತಿಗೆ ಎಲ್ಲಾ ಚೆನ್ನಾಗಿ ತೊಳ್ಕೊಂಡ್ ಬನ್ನಿ. ನಮ್ಮ ಹುಳ ಈಗಷ್ಟೇ ಜ್ವರದಿಂದ ಎದ್ದವೆ. ವಾಸ್ನೆ ತಗುಲಿದ್ರೆ ಸೊಪ್ಪು ಮುಟ್ಟಲ್ಲ."

ಇಳಕಲ್ಲಿನ ನಮ್ಮ ಓಣಿಯಲ್ಲಿ ಹೊಸಿಲಿಗೆ ಬಂದವರಿಗೆ ಮೊದಲು ನೀರು, ಬೆಲ್ಲ. ಆಮೇಲೆ ಯಾವೂರು, ಯಾರ ಪೈಕಿ ಎಂಬ ವಿಚಾರಣೆ. ಇಲ್ಲಿ ಜ್ವರ ಬಂದ ಹುಳುಗಳಿಗೋಸ್ಕರ ನನಗೆ ಬಾಗಿಲಲ್ಲೇ ತಡೆ! ತೊಟ್ಟಿಯ ತಣ್ಣೀರಿನಲ್ಲಿ ಮುಖ ಉಜ್ಜಿಕೊಳ್ಳುತ್ತ, ಇಂಥ ಮನೆಯಲ್ಲಿ ಹೇಗಪ್ಪಾ ದಿನ ತಳ್ಳುವುದು ಎಂದು ನಿಜಕ್ಕೂ ಕಣ್ಣಲ್ಲಿ ನೀರು ಬಂತು. ರೇಷ್ಮೆಹುಳು ಪೊರೆ ಬಿಡುವುದಕ್ಕೆ ಈ ಕಡೆಯವರು ಜ್ವರ ಎನ್ನುತ್ತಾರೆಂದು ನನಗೆ ಗೊತ್ತಾಗಿದ್ದು ಆಮೇಲೆ. ನಾಲ್ಕು ಜ್ವರ ಕಳೆದ ಹುಳು ಎಡೆಬಿಡದೆ ತಿಂದು, ಹಣ್ಣಾಗಿ, ಗೂಡು ಕಟ್ಟುತ್ತದೆ. ನಾನು ನೇಕಾರರ ಮನೆಯ ಮಗಳು. ಸೀರೆಯ ಸೆರಗಿಗೆ ರೇಷ್ಮೆ ನೂಲು ಹಾಕುವುದನ್ನು ಹುಟ್ಟಿದಾಗಿನಿಂದ ನೋಡಿದವಳು. ಆದರೆ ನೂಲು ಅಂಗಡಿಯಿಂದ ಬರುತ್ತದೆ ಎಂಬಲ್ಲಿಗೆ ನನ್ನ ತಿಳಿವಳಿಕೆ ಮುಗಿದಿತ್ತು.

ನಾನು ಬಂದಿದ್ದು ಒಂದು ಅರ್ಥಶಾಸ್ತ್ರ ಸಂಶೋಧನೆಯ ಕೆಲಸಕ್ಕೆ. ಊರಿನವರಿಗೆ ಇದನ್ನು ವಿವರಿಸುವುದು ಕಷ್ಟ. "ಹುಳಾ ಎಣಸಾಕ ಎಂ.ಎ. ಮಾಡಬೇಕಾಗಿತ್ತೇನಬೇ?" ಎಂದು ನಮ್ಮ ಅವ್ವ ಈಗಲೂ ಫೋನಿನಲ್ಲಿ ಕೇಳುತ್ತಾಳೆ. ಸರಳವಾಗಿ ಹೇಳುತ್ತೇನೆ. ಚಳಿಗಾಲದಲ್ಲಿ ರೇಷ್ಮೆಹುಳುವಿಗೆ ಸುಣ್ಣಕಟ್ಟು ಎಂಬ ರೋಗ ಬರುತ್ತದೆ. ಹುಳು ಬೆಳ್ಳಗೆ ಗಟ್ಟಿಯಾಗಿ ಸೀಮೆಸುಣ್ಣದ ತುಂಡಿನಂತಾಗಿ ಸಾಯುತ್ತದೆ. ಅದನ್ನು ತಡೆಯಲು ಒಂದು ಹೊಸ ಪುಡಿ ತಯಾರಾಗಿದೆ, ಇನ್ನೂ ಅಂಗಡಿಗೆ ಬಂದಿಲ್ಲ. ಇಂಥ ವಸ್ತುವನ್ನು ಮೊದಲೊಮ್ಮೆ ಬಿಟ್ಟಿ ಕೊಟ್ಟರೆ ಜನ ಮುಂದೆ ದುಡ್ಡು ಕೊಟ್ಟು ಕೊಳ್ಳುತ್ತಾರೆಯೇ, ಅದರಿಂದ ಅವರ ಬೆಳೆ ಎಷ್ಟು ಸುಧಾರಿಸುತ್ತದೆ ಎಂಬುದು ನಮ್ಮ ಪ್ರಶ್ನೆ. ಉತ್ತರ ಸಿಗಬೇಕಾದರೆ ಅರ್ಧ ಮನೆಗಳಿಗೆ ಪುಡಿ ಕೊಡಬೇಕು, ಇನ್ನರ್ಧಕ್ಕೆ ಕೊಡಬಾರದು. ಕೊಡದ ಮನೆಗಳಿಗೆ ನಮ್ಮ ಭಾಷೆಯಲ್ಲಿ ಕಂಟ್ರೋಲ್ ಮನೆ ಎನ್ನುತ್ತೇವೆ. ಯಾವ ಮನೆ ಯಾವುದಕ್ಕೆ ಎಂಬುದನ್ನು ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಆರಿಸುತ್ತದೆ. ಅಧ್ಯಯನ ಮುಗಿದ ಮೇಲೆ ಎಲ್ಲರಿಗೂ ಪುಡಿ ಕೊಡುತ್ತೇವೆ ಎಂದು ಮೊದಲೇ ಹೇಳಿ, ಒಪ್ಪಿಗೆ ಪಡೆದೇ ಶುರು ಮಾಡಿದ್ದು. ಅನ್ಯಾಯವೇನೂ ಇಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ಈ ಊರು ನನ್ನನ್ನು ನಿಧಾನಕ್ಕೆ ಒಳಗೆ ಬಿಟ್ಟುಕೊಂಡಿತು. ಮನೆ ಯಜಮಾನಿ ನಾರಾಯಣಮ್ಮ, ಅವರ ಗಂಡ ಆಂಜಿನಪ್ಪ. ಮನೆಗೆ ಅಂಟಿಕೊಂಡೇ ಹುಳು ಮನೆ, ಮಹಡಿಯ ಮೇಲೆ ನನ್ನ ಕೋಣೆ. ಗಂಡಹೆಂಡತಿ ಜಗಳವಾಡುವುದು ತೆಲುಗಿನಲ್ಲಿ, ರಾಜಿಯಾಗುವುದು ಕನ್ನಡದಲ್ಲಿ. ನನ್ನ ಮುಂದೆ ಮರ್ಯಾದೆ ಉಳಿಯಲಿ ಎಂದು ಜಗಳಕ್ಕೆ ತೆಲುಗು ಹಿಡಿಯುತ್ತಿದ್ದರೋ ಏನೋ. ನನಗೆ ತೆಲುಗು ಬರತೊಡಗಿದ್ದು ಅವರ ಜಗಳಗಳಿಂದಲೇ. ನನ್ನ "ಹೌದ್ರಿ", "ಬ್ಯಾಡ್ರಿ" ಕೇಳಿ ಬೀದಿಯ ಹೆಂಗಸರಿಗೆಲ್ಲ ನಗು. "ಇನ್ನೊಂದು ಸಲ ಮಾತಾಡಮ್ಮ, ಟಿವಿ ನೋಡ್ದಂಗೈತೆ" ಎನ್ನುತ್ತಿದ್ದರು.

ಊಟದ್ದು ಬೇರೆಯೇ ಪಾಡು. ಜೋಳದ ರೊಟ್ಟಿಯನ್ನು ಕಟಕಟ ಅಗಿದು ತಿನ್ನುವ ನಾವು, ಮುದ್ದೆಯನ್ನೂ ಅಗಿಯಲು ಹೋಗುತ್ತೇವೆ. ನಾನು ಬಾಯಿ ತುಂಬ ಮುದ್ದೆ ಇಟ್ಟುಕೊಂಡು ಒದ್ದಾಡುವುದನ್ನು ನೋಡಿ ಆಂಜಿನಪ್ಪ ತಾಳ್ಮೆಗೆಟ್ಟು, "ಅಗೀಬೇಡಮ್ಮ, ಸಾರಲ್ಲಿ ಅದ್ದು, ಕಣ್ಮುಚ್ಕೊಂಡು ನುಂಗು" ಎಂದರು. ಮೊದಲ ಸಲ ಮುದ್ದೆ ಸಲೀಸಾಗಿ ಗಂಟಲಿಳಿದ ದಿನ ಪರೀಕ್ಷೆ ಪಾಸಾದಷ್ಟು ಸಂತೋಷವಾಯಿತು. ಅಂದಿನಿಂದ ನಾನು ಮೇಡಂ ಅಲ್ಲ, ಶಶಿಯಮ್ಮ. ಭಾನುವಾರಗಳು ಮಾತ್ರ ಕಳೆಯುತ್ತಿರಲಿಲ್ಲ. ಚಿಂತಾಮಣಿಗೆ ಬಸ್ಸು ಹತ್ತಿ, ಅಂಬಾಜಿದುರ್ಗದ ಬೆಟ್ಟವನ್ನು ಕಿಟಕಿಯಿಂದ ನೋಡಿ, ಇಳಿದು ಒಂದು ಕಾಫಿ ಕುಡಿದು ವಾಪಸ್ ಬರುತ್ತಿದ್ದೆ. ಬಂದರೆ ನಾರಾಯಣಮ್ಮ, "ಯಾರೂ ಇಲ್ದೋರ್ ಥರ ಒಬ್ಬಳೇ ಯಾಕಮ್ಮ ತಿರುಗ್ತೀಯ, ಬಾ, ಸೊಪ್ಪು ಹಾಕಣ" ಎಂದು ಹುಳು ಮನೆಗೆ ಕರೆಯುತ್ತಿದ್ದರು. ಹೊರಗಿನವರನ್ನು ಬಿಡದ ಹುಳು ಮನೆ ಅದು.

ಕಂಪ್ಯೂಟರು ಚೀಟಿ ಎತ್ತಿದ್ದು ಇದೆಲ್ಲ ಆದ ಮೇಲೆ. ಎದುರು ಮನೆಯ ಮುನಿರತ್ನಮ್ಮನಿಗೆ ಪುಡಿ ಬಂತು. ನಾರಾಯಣಮ್ಮನದು ಕಂಟ್ರೋಲ್ ಮನೆ. ದೂರದ ನಗರದಲ್ಲಿರುವ ನಮ್ಮ ಪ್ರೊಫೆಸರರು ಒಳ್ಳೆಯ ಮನುಷ್ಯ. "ನಿನಗೆ ಇರುಸುಮುರುಸಾಗಬಹುದು, ಬೇಕಾದರೆ ಬೇರೆ ಮನೆ ನೋಡಿಕೋ" ಎಂದರು. ನಾನೇ ಬೇಡವೆಂದೆ. ಮತ್ತೆ ಯಾರದೋ ಬಾಗಿಲಲ್ಲಿ ನಿಂತು ಮೂಸಿಸಿಕೊಳ್ಳುವ ಶಕ್ತಿ ನನಗಿರಲಿಲ್ಲ.

"ನಮಗ್ಯಾಕಮ್ಮ ಬರ್ಲಿಲ್ಲ ಪುಡಿ?" ಎಂದು ನಾರಾಯಣಮ್ಮ ಒಂದೇ ಸಲ ಕೇಳಿದರು.

"ಚೀಟಿ ಎತ್ತಿದ್ದಮ್ಮ. ನಿಮ್ಮದು ಬರಲಿಲ್ಲ."

"ಪರ್ವಾಲೇದು ಬಿಡು," ಎಂದವರು ನನ್ನ ತಟ್ಟೆಗೆ ಇನ್ನೊಂದು ಸೌಟು ಹಿತಕಿದ ಬೇಳೆ ಸಾರು ಬಡಿಸಿದರು.

ಇಲ್ಲಿನ ಒಂದು ಪದ್ಧತಿಯನ್ನು ನಾನು ನಿಮಗೆ ಹೇಳಲೇಬೇಕು. ಹುಳು ಕೊನೆಯ ಹಂತದಲ್ಲಿರುವಾಗ ಒಂದು ಮನೆಗೆ ಸೊಪ್ಪು ಸಾಲದೆ ಬಂದರೆ ಎದುರು ಮನೆಯ ತೋಟದಿಂದ ಕೊಯ್ಯುತ್ತಾರೆ. ಹುಳು ಹಣ್ಣಾದಾಗ ಅವನ್ನು ಗೂಡು ಕಟ್ಟುವ ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟೆಗೆ, ಬೇಗ ಬೇಗ ಬಿಡಬೇಕು. ಆಗ ಬೀದಿಯವರೆಲ್ಲ ಕರೆಯದೆ ಬಂದು ಕೈಜೋಡಿಸುತ್ತಾರೆ. ಕೂಲಿ ಇಲ್ಲ. ನಾಳೆ ನಮ್ಮ ಮನೆಗೆ ನೀವು, ಅಷ್ಟೇ. ಇದಕ್ಕೆ ಮುಯ್ಯಾಳು ಎನ್ನುತ್ತಾರೆ. ಹೀಗಿರುವಾಗ ಮುನಿರತ್ನಮ್ಮನಿಗೆ ಬಂದ ಪುಡಿಯಲ್ಲಿ ಅರ್ಧ ನಮ್ಮ ಮನೆಯ ಸ್ಟೀಲ್ ಡಬ್ಬಿಗೆ ಬಂದು ಕೂತಿದ್ದರಲ್ಲಿ ಆಶ್ಚರ್ಯವೇನಿತ್ತು? ಬೇರೆಯವರಿಗೆ ಕೊಡಬಾರದೆಂದು ನಾವು ಪುಡಿ ಹಂಚುವಾಗ ಎಲ್ಲರಿಗೂ ಹೇಳಿದ್ದೆವು. ಎಲ್ಲರೂ ತಲೆಯಾಡಿಸಿದ್ದರು.

ಡಬ್ಬಿ ನೋಡಿ ನನಗೆ ಖುಷಿಯೇ ಆಯಿತು. ಆ ಖುಷಿಯಲ್ಲೇ ವಾರದ ಫೋನಿನಲ್ಲಿ ಪ್ರೊಫೆಸರರಿಗೆ ವಿಷಯ ಹೇಳಿದೆ. ಊರಿನ ಗುಟ್ಟೊಂದು ನನಗೆ ಮಾತ್ರ ಸಿಕ್ಕಿತು, ಶಹಭಾಸ್ ಎನ್ನುತ್ತಾರೆ ಎಂಬ ಆಸೆ. ಅವರು ಮಾತ್ರ, "ಇದು ಸೋರಿಕೆ. ಪುಡಿ ಇಲ್ಲದ ಮನೆಯಲ್ಲೂ ಪುಡಿ ಇದ್ದರೆ ನಾವು ಅಳೆಯುತ್ತಿರುವುದಾದರೂ ಏನನ್ನು? ನೀನೇ ಹೋಗಿ ಆ ಹೆಣ್ಣುಮಗಳಿಗೆ ನಯವಾಗಿ ತಿಳಿಸಿ ಹೇಳು" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆಗಲಿ ಸರ್ ಎಂದೆ.

ಮುನಿರತ್ನಮ್ಮ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದರು.

"ರತ್ನಮ್ಮಕ್ಕ, ಆ ಪುಡಿ ಬೇರೆ ಮನೆಗೆ ಕೊಡಬಾರದು ಅಂದಿದ್ವಲ್ಲ."

"ಬೇರೆ ಮನೆಗೆ ಯಾರಮ್ಮ ಕೊಟ್ರು?"

"ನಾರಾಯಣಮ್ಮನ ಮನೆಗೆ."

ಅವರು ಕುಡುಗೋಲು ಕೆಳಗಿಟ್ಟರು. "ಅದು ಬೇರೆ ಮನೆನಾ?" ಎಂದು ನಿಜವಾಗಿಯೂ ಕೇಳಿದರು. ಅಧ್ಯಯನ ಮುಗಿದ ಮೇಲೆ ಎಲ್ಲರಿಗೂ ಕೊಡುತ್ತಾರೆ ಎಂದು ಏನೋ ಒದರಿದೆ.

"ಅಲ್ಲೀವರ್ಗೂ ಈ ಹುಳ ಕಾಯ್ತವೇನಮ್ಮ? ನೀನು ಉಣ್ಣೋ ಮನೆಗೆ ತಾನೇ ಕೊಟ್ಟಿರೋದು. ನೀನೇ ಬಂದು ಬೇಡ ಅಂತೀಯಲ್ಲ."

ಹಿಂದಿರುಗುವಾಗ ನಾಚಿಕೆಯಿಂದ ನನ್ನ ಕಿವಿ ಕಾದಿದ್ದವು. ಆದರೂ ಒಂದು ಸಮಾಧಾನ ಹುಡುಕಿಕೊಂಡೆ. ಇನ್ನು ಮುಂದೆ ಕೊಡಬೇಡಿ ಎಂದಷ್ಟೇ ಹೇಳಿದ್ದೇನೆ, ಕೊಟ್ಟಿದ್ದು ಕೊಟ್ಟಾಗಿದೆ, ನಾರಾಯಣಮ್ಮನ ಡಬ್ಬಿಯಲ್ಲಿ ಈ ಬೆಳೆಗೆ ಸಾಕಾಗುವಷ್ಟಿದೆ. ಕೆಲಸವೂ ಆಯಿತು, ಮನೆಯೂ ಉಳಿಯಿತು ಎಂದುಕೊಂಡೆ. ಅಂದಿನ ಊಟಕ್ಕೆ ನಾರಾಯಣಮ್ಮ ಎಂದಿನಂತೆ ನಗುನಗುತ್ತ ಬಡಿಸಿದರು. ಅವರಿಗೆ ವಿಷಯ ಗೊತ್ತಿಲ್ಲ ಎಂದೇ ನಾನು ಭಾವಿಸಿದೆ.

ಆ ಸಲ ಮಂಜು ಬಿಡಲೇ ಇಲ್ಲ. ಇನ್ನೇನು ಹುಳು ಹಣ್ಣಾಗಬೇಕು ಎನ್ನುವಾಗ ಸುಣ್ಣಕಟ್ಟು ಬಂತು. ಇಡೀ ಬೆಳೆ ಹೋಗಲಿಲ್ಲ, ಆದರೆ ಬಾಗಿಲ ಕಡೆಯ ಸಾಲು ಪೂರ್ತಿ ಹೋಯಿತು. ಆಂಜಿನಪ್ಪ ಸತ್ತ ಹುಳುಗಳನ್ನು ಕಡ್ಡಿಯಲ್ಲಿ ಆರಿಸಿ ಬುಟ್ಟಿಗೆ ಹಾಕುತ್ತ ತೆಲುಗಿನಲ್ಲಿ ಯಾರನ್ನೋ ಬೈಯುತ್ತಿದ್ದರು. ಹಿತ್ತಿಲಲ್ಲಿ ಅವನ್ನು ಸುಟ್ಟರು. ಎದುರು ಮನೆಯಲ್ಲಿ ಏನೂ ಆಗಿರಲಿಲ್ಲ. ಪುಡಿ ತಡವಾಗಿ ಹಾಕಿದರೆ ಫಲವಿಲ್ಲ ಅಂತ ಕಾಣುತ್ತದೆ ಎಂದು ನನ್ನ ತಲೆ ಆ ಹೊಗೆಯ ಮುಂದೆಯೇ ಲೆಕ್ಕ ಹಾಕುತ್ತಿತ್ತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಬೆಳೆ ಮುಗಿದ ಮೇಲೆ ಮನೆಮನೆಗೆ ಹೋಗಿ ಪ್ರಶ್ನೆ ಕೇಳುವುದು ನಮ್ಮ ಕ್ರಮ. ನಾರಾಯಣಮ್ಮನ ಮನೆಯನ್ನು ಗೌರಿಬಿದನೂರಿನ ನನ್ನ ಸಹೋದ್ಯೋಗಿ ನೋಡಿಕೊಳ್ಳುತ್ತಿದ್ದಳು. ತಂಗಿಯ ಮದುವೆಗೆಂದು ಅವಳು ರಜೆ ಹಾಕಿದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ದಿನಾ ಉಣ್ಣುವ ಜಾಗದಲ್ಲೇ ಟ್ಯಾಬ್ ಹಿಡಿದು ಕೂತೆ. ನಾರಾಯಣಮ್ಮ ಸೆರಗು ಸರಿಮಾಡಿಕೊಂಡು, ಕಚೇರಿಗೆ ಬಂದವರ ಹಾಗೆ ನೆಟ್ಟಗೆ ಕುಳಿತರು. ಪ್ರಶ್ನೆಗಳು ಸಾಗಿ, ಬರಬೇಕಾದ್ದು ಬಂತು.

"ಈ ಬೆಳೆಯಲ್ಲಿ ಹುಳುವಿಗೆ ಹಾಕಲು ಬೇರೆ ಮನೆಯಿಂದ ಏನಾದರೂ ತಗೊಂಡ್ರಾ?"

ಅವರು ನನ್ನ ಮುಖ ನೋಡಿದರು. "ಏನಂದ್ರೆ ನಿಂಗೆ ಒಳ್ಳೇದು ಶಶಿಯಮ್ಮ?"

"ಹಾಗಲ್ಲಮ್ಮ, ಇದ್ದದ್ದು ಹೇಳಿ."

"ಇದ್ದದ್ದೇ ಹೇಳ್ತೀನಿ. ಇಲ್ಲ ಅಂತ ಒತ್ತು. ನೀನು ತೋಟಕ್ಕೆ ಹೋಗಿ ಹೇಳಿದ್ಯಂತಲ್ಲ, ಅವತ್ತೇ ಬಂದು ಅಂದ್ಲು ರತ್ನ. ಆಗ್ಲೇ ಡಬ್ಬಿ ಸಮೇತ ವಾಪಸ್ ಕೊಟ್ಬಿಟ್ಟೆ. ಒಂದು ಚಿಟಿಕೆನೂ ಹಾಕಿಲ್ಲ. ಊರು ಬಿಟ್ಟು ಬಂದಿರೋ ಹುಡುಗಿ, ನಮ್ಮಿಂದ ನಿನ್ನ ಕೆಲಸಕ್ಕೆ ಕುತ್ತು ಬರ್ಬಾರ್ದಲ್ವಾ?"

ಬಾಗಿಲ ಕಡೆಯ ಸಾಲು, ಹಿತ್ತಿಲ ಹೊಗೆ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ನನ್ನ ತಟ್ಟೆಗೆ ಬಡಿಸುತ್ತ ಬಂದ ಅಷ್ಟೂ ದಿನ ಈ ಹೆಂಗಸಿಗೆ ಎಲ್ಲವೂ ಗೊತ್ತಿತ್ತು. ನಾನು "ಇಲ್ಲ" ಎಂಬುದನ್ನು ಒತ್ತಿದೆ. ಅವರು ಎದ್ದು, "ಮುಗೀತಾ? ಕಾಫಿ ಇಡ್ತೀನಿ ತಾಳು" ಎಂದು ಒಳಗೆ ಹೋದರು.

ಅವ್ವನಿಗೆ ಫೋನ್ ಮಾಡಿ ಹೇಳಿದೆ. "ನಮ್ಮ ಓಣ್ಯಾಗ ಹಿಂಗ ಮಾಡಿದ್ದರ ನಿನ್ನ ಯಾರೂ ಮಾತಾಡಸ್ತಿದ್ದಿಲ್ಲ ನೋಡ. ಆಕಿ ಕಾಫಿ ಕೊಟ್ಟಳಾ?"

"ಕೊಟ್ಟಳವ್ವ."

"ಕುಡದೀ?"

"ಕುಡದೆ."

ಅವ್ವ ಫೋನ್ ಇಟ್ಟಳು. ಬೈದಿದ್ದರೆ ಹಗುರವಾಗುತ್ತಿತ್ತು. ಮಗ್ಗದ ಓಣಿಯಲ್ಲಿ ನೂಲು ಸಾಲದೆ ಬಂದಾಗ ಪಕ್ಕದ ಮನೆಯಿಂದ ತಂದು ಸೀರೆ ಮುಗಿಸುವುದನ್ನು ನೋಡುತ್ತಲೇ ನಾನು ಬೆಳೆದದ್ದು. ಈ ಊರಿನಲ್ಲಿ ನನಗೆ ಹೊಸದಲ್ಲದ ಸಂಗತಿ ಇದ್ದದ್ದು ಇದೊಂದೇ, ಅದನ್ನೇ ನಾನು ಹೋಗಿ ನಿಲ್ಲಿಸಿ ಬಂದೆ. ಹಾಗಾಗಿ ಈಗ ಇಳಕಲ್ಲಿಗೆ ಹೋದರೂ ನಮ್ಮ ಓಣಿಯಲ್ಲಿ ಮೊದಲಿನಂತೆ ತಲೆಯೆತ್ತಿ ನಡೆಯಲಾಗುವುದಿಲ್ಲ.

ಕಳೆದ ವಾರ ಚಿಕ್ಕಬಳ್ಳಾಪುರದ ಒಂದು ಸಭಾಂಗಣದಲ್ಲಿ ನಮ್ಮ ಅಧ್ಯಯನದ ಮೊದಲ ಫಲಿತಾಂಶಗಳನ್ನು ಓದಿದರು. ಎಲ್ಲ ಮನೆಗಳಿಗೂ ಪುಡಿ ತಲುಪಿಸಲು ಇನ್ನೂ ಒಂದು ಬೆಳೆ ಕಳೆಯಬೇಕಂತೆ. ಪರದೆಯ ಮೇಲೆ ಮನೆಗಳೆಲ್ಲ ಚುಕ್ಕೆಗಳಾಗಿದ್ದವು. ಅದರಲ್ಲಿ ನಮ್ಮ ಮನೆ ಯಾವುದೆಂದು ಹುಡುಕಿದೆ, ತಿಳಿಯಲಿಲ್ಲ. "ಮನೆಗಳ ನಡುವೆ ಸೋರಿಕೆ ಕಂಡುಬಂದಿಲ್ಲ" ಎಂಬ ಸಾಲು ಬಂದಾಗ ಪ್ರೊಫೆಸರರು ನನ್ನ ಹೆಸರು ಹೇಳಿ, ಹಳ್ಳಿಯಲ್ಲೇ ಇದ್ದು ಇದನ್ನು ಸಾಧ್ಯವಾಗಿಸಿದವಳು ಎಂದು ಹೊಗಳಿದರು. ಚಪ್ಪಾಳೆ ಬಿತ್ತು. ನಾನು ಎದ್ದು ನಿಂತು ಕೈ ಮುಗಿದೆ. ಕೈ ಮುಗಿಯದೆ ಇನ್ನೇನು ಮಾಡಬೇಕಿತ್ತೋ ನನಗೆ ಗೊತ್ತಿಲ್ಲ.

ಸಂಜೆಯ ಬಸ್ಸಿಗೆ ವಾಪಸ್ ಬಂದೆ. ಹುಳು ಮನೆಯಲ್ಲಿ ಹೊಸ ಬೆಳೆ, ಹುಳು ಹಣ್ಣಾಗಿದ್ದವು. ಮುನಿರತ್ನಮ್ಮನೂ ಬೀದಿಯ ನಾಲ್ಕಾರು ಹೆಂಗಸರೂ ಒಳಗೆ ಚಂದ್ರಿಕೆಗೆ ಹುಳು ಬಿಡುತ್ತಿದ್ದರು. ನಾನು ಹೊಸಿಲ ಹೊರಗೆ ನಿಂತುಬಿಟ್ಟೆ.

"ಯಾಕಮ್ಮ ಅಲ್ಲೇ ನಿಂತೆ? ಕೈ ಸಾಲ್ತಿಲ್ಲ, ಬಾ," ನಾರಾಯಣಮ್ಮ ಕರೆದರು.

"ಸಭೆಗೆ ಸೆಂಟು ಹಾಕ್ಕೊಂಡು ಹೋಗಿದ್ದೆ ಅಮ್ಮ," ಎಂದು ಸುಳ್ಳು ಹೇಳಿದೆ.

ಅವರು ಕೈಯೊರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಮೊದಲ ದಿನದ ಹಾಗೆಯೇ ನನ್ನ ಕುತ್ತಿಗೆಯ ಹತ್ತಿರ ಮೂಗು ತಂದು ಮೂಸಿದರು.

"ಏನೂ ವಾಸ್ನೆ ಇಲ್ವಲ್ಲ," ಎಂದರು. "ರಾಮ್ಮಾ, ಬಾ ಒಳಕ್ಕೆ."

ಕಾಲು ತೊಳೆಯುವ ನೆಪ ಮಾಡಿ ನಾನು ತೊಟ್ಟಿಯ ಕಡೆಗೆ ನಡೆದೆ.