ಅಪ್ಪ ಅಂಚಿನಿಂದ ಕೊಯ್ದ ಹುಲ್ಲು

ನಾನು ಚಿಕ್ಕವಳಿದ್ದಾಗ, ಎಷ್ಟು ಚಿಕ್ಕವಳೆಂದರೆ ದೀಪಾವಳಿ ಹೊತ್ತಿನ ಹುಲ್ಲಿನೊಳಗೆ ಹೊಕ್ಕರೆ ಅವ್ವ ನನ್ನ ಜಡೆಯ ಕೆಂಪು ರಿಬ್ಬನ್ ನೋಡಿ ಹುಡುಕಬೇಕಿತ್ತು, ನಾವು ಇಂದಾಪುರದ ಹತ್ತಿರದ ಒಂದು ಹಳ್ಳಿಯಲ್ಲಿದ್ದೆವು. ಅಪ್ಪ ಬಸ್ ಕಂಡಕ್ಟರ್. ಧಾರವಾಡದ ಕಡೆಯಿಂದ ನೌಕರಿಗೆ ಬಂದವನು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಆ ವರ್ಷ ನಮ್ಮ ಮನೆಗೆ ಮೊದಲ ಸಲ ಒಂದು ಆಕಳು ಬಂದಿತ್ತು. ಬಂದ ಸ್ವಲ್ಪ ದಿನಕ್ಕೆ ಕರು ಹಾಕಿತ್ತು. ಕರುವಿನ ಮೂಗು ಒದ್ದೆ ಚರ್ಮದ ಚೀಲದ ಹಾಗೆ ತಣ್ಣಗಿರುತ್ತಿತ್ತು. ನಾನೂ ಅಕ್ಕನೂ ಅದನ್ನು ಮುಟ್ಟಲು ಜಗಳಾಡುತ್ತಿದ್ದೆವು.

ಊರಾಚೆ ಗಾಯರಾಣ ಇತ್ತು. ಬೆಂಗಳೂರು ಕಡೆಯವರು ಗೋಮಾಳ ಅನ್ನುತ್ತಾರೆ. ಊರೆಲ್ಲರಿಗೂ ಸೇರಿದ ಹುಲ್ಲುಗಾವಲು. ಮರ ಇಲ್ಲ, ನೆರಳಿಲ್ಲ, ಆಡಲು ಜಾರುಬಂಡಿ ಇಲ್ಲ. ನೀವು ಕಾರಿನ ಕಿಟಕಿಯಿಂದ ನೋಡಿದ್ದರೆ "ಇಲ್ಲೇನೂ ಇಲ್ಲ" ಅಂದು ಮತ್ತೆ ಮೊಬೈಲಿಗೆ ಕಣ್ಣು ಹಾಕುತ್ತಿದ್ದಿರಿ. ಬೈಯುತ್ತಿಲ್ಲ. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಆದರೆ ಆ "ಏನೂ ಇಲ್ಲದ" ಜಾಗವನ್ನು ಊರಿನವರು ತಮ್ಮ ಮನೆ ಅಂಗಳಕ್ಕಿಂತ ಹೆಚ್ಚು ನೋಡಿಕೊಳ್ಳುತ್ತಿದ್ದರು. ಮೊದಲ ಮಳೆ ಬಿದ್ದರೆ ಸಾಕು, ಒಂದು ಮೇಕೆಯೂ ಒಳಗೆ ಹೋಗುವಂತಿಲ್ಲ. ಬೇಲಿಯ ಕಿಂಡಿಗಳಿಗೆ ಮುಳ್ಳು ತುರುಕುತ್ತಿದ್ದರು. ಜಾಲಿ ಗಿಡ ಬೆರಳುದ್ದ ಇರುವಾಗಲೇ ಕಿತ್ತು ಹಾಕಬೇಕು, ಇಲ್ಲದಿದ್ದರೆ ಕೆಲವೇ ವರ್ಷಗಳಲ್ಲಿ ಹುಲ್ಲು ಹೋಗಿ ಬರೀ ಮುಳ್ಳಿನ ಕಾಡು. ಅದಕ್ಕೆ ಮನೆಗೊಬ್ಬರು ಬರಲೇಬೇಕು. ಅಪ್ಪ ತನ್ನ ರಜೆಯ ದಿನಗಳಲ್ಲಿ ಹೋಗಿ ಕಿತ್ತು ಬಂದಿದ್ದ. ಅಂಗೈ ತುಂಬ ಗೀರು. ಇದನ್ನೆಲ್ಲ ಮಾಡಿದವರಿಗೆ ದೀಪಾವಳಿ ಕಳೆದ ಮೇಲೆ ಹುಲ್ಲಿನಲ್ಲಿ ಒಂದೊಂದು ಪಟ್ಟಿ ಸಿಗುತ್ತಿತ್ತು. ಯಾರಿಗೆ ಯಾವ ಪಟ್ಟಿ ಎಂದು ಚೀಟಿ ಎತ್ತುತ್ತಿದ್ದರು. ಎಲ್ಲವನ್ನೂ ಕಾಯುತ್ತಿದ್ದವಳು ಒಬ್ಬ ಮುದುಕಿ. ಊರೆಲ್ಲ ಅವಳನ್ನು ಮಾವಶಿ ಅನ್ನುತ್ತಿತ್ತು, ಅಂದರೆ ಚಿಕ್ಕಮ್ಮ. ಸೀರೆಯ ಕಚ್ಚೆ ಹಾಕಿ, ಕೋಲು ಹಿಡಿದು ಗಾಯರಾಣದ ಸುತ್ತ ಓಡಾಡುತ್ತಿದ್ದಳು. ಅವಳ ಕಣ್ಣು ತಪ್ಪಿಸಿ ಒಂದು ಕಡ್ಡಿ ಹುಲ್ಲು ಹೊರಗೆ ಹೋಗುತ್ತಿರಲಿಲ್ಲ.

ಕೊಯ್ಲಿನ ದಿನ ಬೆಳಿಗ್ಗೆ ಅವ್ವ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ಕಟ್ಟಿಕೊಟ್ಟಳು. ತಾನು ಕರು ಬಿಟ್ಟು ಬರುವಂತಿರಲಿಲ್ಲ. ಹೊರಡುವಾಗ ಅಪ್ಪನಿಗೆ ಒಂದು ಮಾತು ಹೇಳಿದಳು: ಇವತ್ತು ಬರುವ ಹುಲ್ಲೇ ಮುಂದಿನ ಮಳೆಗಾಲದವರೆಗೆ ಆಕಳ ಊಟ, ಕಡಿಮೆ ಬಿದ್ದರೆ ಆಕಳು ಕರು ಎರಡನ್ನೂ ಅಜ್ಜನ ಊರಿಗೆ ಕಳಿಸಬೇಕಾಗುತ್ತದೆ. ದಾರಿಯುದ್ದಕ್ಕೂ ಅಕ್ಕ ಮಾತಾಡಲಿಲ್ಲ. ಸಾಮಾನ್ಯವಾಗಿ ಅವಳ ಬಾಯಿ ಮುಚ್ಚಿಸಲು ಅವ್ವನಿಗೂ ಆಗುತ್ತಿರಲಿಲ್ಲ.

ನಮ್ಮ ಅದೃಷ್ಟಕ್ಕೆ ಪಟ್ಟಿ ಚೆನ್ನಾಗಿತ್ತು. ಅಂಚಿನಲ್ಲಿ ತೆಳ್ಳಗೆ, ನಡುವೆ ದಟ್ಟ. ಇಬ್ಬನಿಗೆ ಲಂಗ ಮೊಳಕಾಲಿನವರೆಗೆ ಒದ್ದೆಯಾಯಿತು, ಹುಲ್ಲಿನ ಸೂಜಿಯಂಥ ತೆನೆಗಳು ಬಟ್ಟೆಗೆ ಚುಚ್ಚಿಕೊಂಡು ಕಚಗುಳಿ ಇಟ್ಟವು. ಸುತ್ತ ಎಲ್ಲರೂ ತಮ್ಮ ತಮ್ಮ ಪಟ್ಟಿಗೆ ಇಳಿದರು. ಆದರೆ ಒಂದು ವಿಚಿತ್ರ ಕಂಡೆ. ಎಲ್ಲರೂ ನಿಂತ ಹುಲ್ಲನ್ನು ಸೀಳಿಕೊಂಡು ನಡುವಿಗೆ ಹೋಗಿ, ಅಲ್ಲಿಂದ ಕೊಯ್ಯಲು ಶುರು ಮಾಡಿದ್ದರು. ಹುಲ್ಲಿನ ಮೇಲೆ ಬರೀ ಟೋಪಿಗಳು, ಸೆರಗುಗಳು ತೇಲುತ್ತಿದ್ದವು. ಯಾಕೆ ಹೀಗೆ ಅಂತ ಅಪ್ಪನನ್ನು ಕೇಳಿದೆ.

"ಪಾಪ, ಇವರಿಗೆ ನಮ್ಮ ಕಡೆ ಹಾಂಗ ಜ್ವಾಳ ಕೊಯ್ದು ರೂಢಿ ಇಲ್ಲ," ಅಂದ ಅಪ್ಪ.

ಅಪ್ಪ ಮಾತ್ರ ಅಂಚಿನಿಂದ ಶುರು ಮಾಡಿದ. ಅದಕ್ಕೆ ಜೋಳವನ್ನು ಅಂಚಿನಿಂದ ಕೊಯ್ಯುವ ರೂಢಿ ಒಂದೇ ಕಾರಣವಲ್ಲ. ನಾವು ಹೊರಗಿನವರು. ಪಕ್ಕದ ಪಟ್ಟಿಯ ಒಂದು ಹಿಡಿ ಹುಲ್ಲು ತಪ್ಪಿ ಕೊಯ್ದರೂ ಊರು ಮಾತಾಡೀತು ಎಂಬ ಅಂಜಿಕೆ ಅವನಿಗೆ. ಹಾಗಾಗಿ ಮೊದಲು ನಾಲ್ಕೂ ಬದಿಯ ಗಡಿ ಕೊಯ್ದು ಬಯಲು ಮಾಡಿದ, ನಮ್ಮದು ಎಲ್ಲಿ ಮುಗಿಯುತ್ತದೆಂದು ಎಲ್ಲರಿಗೂ ಕಾಣಲಿ ಅಂತ. ಆಮೇಲೆ ಸುತ್ತು ಸುತ್ತಾಗಿ ಒಳಕ್ಕೆ ಬಂದ. ಕುಡುಗೋಲು ಸರ್ ಸರ್ ಅನ್ನುತ್ತಿತ್ತು. ಅಕ್ಕ ಹಿಂದೆ ಹಿಂದೆ ಸೂಡು ಕಟ್ಟುತ್ತಿದ್ದಳು. ಸೂಡೆಂದರೆ ಎರಡೂ ತೋಳಲ್ಲಿ ತಬ್ಬಿ ಹಿಡಿಯುವಷ್ಟು ಹುಲ್ಲಿನ ಕಟ್ಟು. ಕೊಯ್ದ ಹುಲ್ಲಿನ ಹಸಿ ವಾಸನೆ ಮೂಗಿಗೆ ಏರಿ ನನಗೆ ಸುಮ್ಮನೆ ನಗು ಬರುತ್ತಿತ್ತು.

ಬಿಸಿಲು ಏರುವ ಹೊತ್ತಿಗೆ ನಮ್ಮ ಪಟ್ಟಿಯ ನಡುವೆ ಒಂದು ದೊಡ್ಡ ಕೋಣೆಯಷ್ಟು ದಟ್ಟ ಹುಲ್ಲು ಉಳಿದಿತ್ತು. ಸುತ್ತ ಕೊಯ್ದು ಉಳಿದ ಬರೀ ಕೂಳೆ. ಆ ಹುಲ್ಲು ನಡುಗುತ್ತಿತ್ತು. ಮೇಲಿನ ತುದಿ ಅಲ್ಲ, ಕೆಳಗೆ ಬುಡದ ಹತ್ತಿರ. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ.

"ಅಪ್ಪಾ, ಹುಲ್ಲು ಯಾಕ ನಡಗಲಿಕ್ಕತ್ತದ?"

"ಗಾಳಿ."

"ಗಾಳಿ ಎಲ್ಲೆದ?"

ಅಪ್ಪ ಬೆನ್ನು ನೆಟ್ಟಗೆ ಮಾಡಿ ನಿಂತ. ಗಾಳಿ ಇರಲಿಲ್ಲ. ಹುಲ್ಲಿನೊಳಗಿಂದ ಸರಪರ ಸದ್ದು, ನಡುವೆ ಒಂದು ಸಣ್ಣ ಕಿಚ್ ಕೇಳಿತು. ಅಷ್ಟರಲ್ಲಿ ಮಾವಶಿ ಕೋಲು ಎತ್ತಿಕೊಂಡು ಬರುತ್ತಿದ್ದಳು, "ಥಾಂಬಾ, ಥಾಂಬಾ" ಅನ್ನುತ್ತ, ಅಂದರೆ ನಿಲ್ಲಿಸು. ಅವಳಿಗೆ ದೂರದಿಂದಲೇ ಗೊತ್ತಾಗಿತ್ತು. ಹೇಗೆಂದರೆ ಹದ್ದುಗಳೆಲ್ಲ ನಮ್ಮ ಪಟ್ಟಿಯ ಮೇಲೆಯೇ ಸುತ್ತುತ್ತಿದ್ದವು. ಊರ ನಾಯಿಗಳೂ ಕೂಳೆಯ ಅಂಚಿನಲ್ಲಿ ನಾಲಿಗೆ ಚಾಚಿ ಕೂತಿದ್ದವು. ನಾವೇ ನೋಡಿರಲಿಲ್ಲ.

ಅವಳು ಅಪ್ಪನ ಕೈಯಿಂದ ಕುಡುಗೋಲು ಕಸಿದುಕೊಂಡು ಹೇಳಿದ್ದು ಇಷ್ಟು. ನಡುವಿನಿಂದ ಕೊಯ್ದರೆ ಹುಲ್ಲಿನೊಳಗಿರುವ ಜೀವಗಳು ನಿಂತ ಹುಲ್ಲಿನ ಮರೆಯಲ್ಲೇ ಹೊರಕ್ಕೆ ಸರಿಯುತ್ತ ಗಾಯರಾಣದಾಚೆಯ ಹಳ್ಳದ ಕಡೆ ಹೋಗಿಬಿಡುತ್ತವೆ. ನೀನು ಸುತ್ತಲೂ ಕೊಯ್ದೆ, ಅವು ಒಳಗೆ ಒಳಗೆ ಬಂದವು. ಈಗ ಹೊರಬಿದ್ದರೆ ಮೇಲೆ ಹದ್ದು, ಕೆಳಗೆ ನಾಯಿ.

"ನನಗ ಯಾರೂ ಹೇಳಲಿಲ್ಲ, ಮಾವಶಿ."

"ಎಲ್ಲಾರಿಗೂ ಗೊತ್ತಿರೋದನ್ನ ಯಾರು ಹೇಳ್ತಾರ?" ಅಂದಳು. ಅವಳು ಆಡಿದ್ದು ಮರಾಠಿ. ನಾನು ನಮ್ಮ ಮಾತಿನಲ್ಲಿ ಹೇಳುತ್ತಿದ್ದೇನೆ.

ಊರಿನ ಕಟ್ಟಳೆ ಏನೆಂದರೆ ಹೀಗೆ ಜೀವಗಳು ಸಿಕ್ಕಿಬಿದ್ದ ಹುಲ್ಲನ್ನು, ಅವು ಹೊರಗೆ ಹೋಗದಿದ್ದರೆ, ಆ ವರ್ಷ ಕೊಯ್ಯುವಂತಿಲ್ಲ. ಅದು ಒಳಗಿರುವವರದ್ದು. ಅಪ್ಪ ಕಟ್ಟಿದ ಸೂಡುಗಳ ಕಡೆ ನೋಡಿದ, ಉಳಿದ ಹುಲ್ಲಿನ ಕಡೆ ನೋಡಿದ. ದಟ್ಟ ಹುಲ್ಲೆಲ್ಲ ಅಲ್ಲೇ ನಿಂತಿತ್ತು. ತಲೆಯ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ. ಅವ್ವನ ಮಾತು ನನಗೂ ನೆನಪಾಯಿತು. ಕರು ಹೋಗುತ್ತದೆ.

ಆಗ ಅಕ್ಕ ಬಾಯಿಬಿಟ್ಟಳು.

"ಅಪ್ಪಾ, ಬಸ್ ಸ್ಟ್ಯಾಂಡಿನ್ಯಾಗ ಮಂದಿ ಸಾಲು ನಿಲ್ಲಲಿಕ್ಕೆ ಎರಡೂ ಕಡೆ ಕಂಬಿ ಇರ್ತಾವಲ್ಲ, ಹಾಂಗ ಮಾಡೋಣು. ಸೂಡು ನಿಲ್ಲಸೋಣು. ನಡುವ ಹಾದು ಹೋಗ್ತಾವ."

ಮಾವಶಿ ಕಣ್ಣು ಕಿರಿದು ಮಾಡಿ ಅಕ್ಕನನ್ನು ನೋಡಿದಳು. ಹಾದು ಎಲ್ಲಿಗೆ ಹೋಗಬೇಕು ಅಂದಳು. ಅಕ್ಕ ಪಕ್ಕದ ಪಟ್ಟಿ ತೋರಿಸಿದಳು. ಪಕ್ಕದ ಪಟ್ಟಿಯ ಕಾಕಾ ಸರಿಯಾಗಿ ನಡುವಿನಿಂದ ಕೊಯ್ದಿದ್ದರಿಂದ ಅವರ ಅಂಚಿನ ಹುಲ್ಲು ಇನ್ನೂ ಗೋಡೆಯಂತೆ ಹಳ್ಳದವರೆಗೂ ನಿಂತಿತ್ತು. ಆದರೆ ಆ ಜೀವಗಳು ದಾಟುವವರೆಗೆ ಕಾಕಾ ಕೆಲಸ ನಿಲ್ಲಿಸಿ ಕೂರಬೇಕು. ಅಪ್ಪನಿಗೆ ಕೇಳಲು ಸಂಕೋಚ. ನಿಂತಲ್ಲೇ ನಿಂತ. ಕಾಕಾ ತಾವೇ ಬಂದರು.

"ಕಂಡಕ್ಟರ್ ಸಾಹೇಬ್ರ, ನಿಮ್ಮ ಬಸ್ ಕೆಟ್ಟು ನಿಂತದಂತ ಪ್ಯಾಸೆಂಜರ್‌ನೆಲ್ಲಾ ನನ್ನ ಬಸ್ಸಿಗೆ ಹತ್ತಸ್ತೀರೇನು?"

"ಟಿಕೆಟ್ ನಾ ಹರೀತೀನ್ರಿ, ನೀವು ಜಾಗಾ ಅಷ್ಟ ಕೊಡ್ರಿ," ಅಂದ ಅಪ್ಪ, ಮೆಲ್ಲಗೆ.

ಕಾಕಾ ನಕ್ಕು ತಮ್ಮ ಸೂಡುಗಳನ್ನೇ ಹೊತ್ತು ತಂದರು. ನಮ್ಮವು ಸಾಲುತ್ತಿರಲಿಲ್ಲ. ನಾಯಿಗಳನ್ನು ಹುಲ್ಲು ಹೇರಲು ತಂದ ಬಂಡಿಗೆ ಕಟ್ಟಿದೆವು. ಹುಲ್ಲಿನಿಂದ ಕಾಕಾನ ಅಂಚಿನವರೆಗೆ ಎರಡೂ ಬದಿಗೆ ಸೂಡು ನಿಲ್ಲಿಸಿ, ಹದ್ದಿಗೆ ಕಾಣದಂತೆ ಮೇಲೆ ಸಡಿಲವಾಗಿ ಹುಲ್ಲು ಹರಡಿದೆವು. ನಮ್ಮ ಹುಲ್ಲಿನ ಓಣಿ ಸಿದ್ಧವಾಯಿತು. ಎಲ್ಲರೂ ದೂರ ಹೋಗಿ ಕೂರಬೇಕೆಂದು ಮಾವಶಿ ಹೇಳಿದಳು. ನಾನು ಹೋಗಲಿಲ್ಲ. ಎರಡು ಸೂಡುಗಳ ನಡುವೆ ಒಂದು ಸಂದಿ ಕಂಡಿತ್ತು. ಅಲ್ಲೇ ಬೋರಲು ಮಲಗಿ ಕಣ್ಣಿಟ್ಟೆ. ಕೂಳೆ ಕೆನ್ನೆಗೆ ಚುಚ್ಚುತ್ತಿತ್ತು.

ಬಹಳ ಹೊತ್ತು ಏನೂ ಬರಲಿಲ್ಲ. ಅಪ್ಪ ಹುಲ್ಲಿಗೆ ಕೋಲಿನಿಂದ ಬಡಿಯಲೇ ಅಂತ ಕೇಳಿದ್ದು ಕೇಳಿಸಿತು. ಮಾವಶಿ ಬೇಡ ಅಂದಳು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಒಳಗೆ ಯಾರಿದ್ದಾರೆ? ಎಷ್ಟು ಜನ ಇದ್ದಾರೆ? ಇಷ್ಟು ದಿನ ನಾನು ಈ ಹುಲ್ಲಿನಲ್ಲಿ ಓಡಾಡಿದಾಗ ಇವರೆಲ್ಲ ನನ್ನನ್ನು ನೋಡುತ್ತಿದ್ದರೇ?

ಮೊದಲು ಬಂದದ್ದು ಒಂದು ಇಲಿ. ಮೂಗು ಕುಣಿಸುತ್ತ ಬಂದು, ನಿಂತು, ಓಡಿಹೋಯಿತು. ಅದರ ಹಿಂದೆ ಇನ್ನಷ್ಟು ಇಲಿಗಳು. ಆಮೇಲೆ ಲಾವಕ್ಕಿಗಳು ಬಂದವು, ಕುತ್ತಿಗೆ ಮುಂದೆ ಚಾಚಿ, ಮದುವೆಗೆ ತಡವಾದ ಹೆಂಗಸರ ಹಾಗೆ ಗಡಿಬಿಡಿಯಲ್ಲಿ. ಕೈಕಾಲು ಇಷ್ಟಿಷ್ಟೇ ಎತ್ತಿಡುತ್ತ ಒಂದು ಗೋಸುಂಬೆ ಬಂತು. ಅದರ ಹಿಂದಿನವರೆಲ್ಲ ಅದನ್ನು ತುಳಿದುಕೊಂಡು ಹೋದರು. ಒಂದು ಕೇರೆ ಹಾವು ನನ್ನ ಮೂಗಿನ ಮುಂದೆಯೇ ಹರಿದು ಹೋಯಿತು, ಎಷ್ಟು ಉದ್ದ ಎಂದರೆ ಮುಗಿಯುವುದೇ ಇಲ್ಲ ಅನ್ನಿಸಿತು. ನಾನು ಧೈರ್ಯವಾಗಿ ಮಲಗಿದ್ದೆ ಅಂತ ತಿಳಿಯಬೇಡಿ. ಏಳಲು ಕಾಲು ಬರಲಿಲ್ಲ, ಅಷ್ಟೇ. ಕಡೆಗೆ ಮೊಲ ಬಂತು. ಸಂದಿಯ ಎದುರಿಗೆ ನಿಂತು ನನ್ನನ್ನೇ ನೋಡಿತು. ಅದರ ಕಣ್ಣು ದೊಡ್ಡದು, ಕಂದು, ಅದರಲ್ಲಿ ಸಣ್ಣ ನಾನಿದ್ದೆ. ಹಾರಿ ಹೋದಾಗ ಮಣ್ಣು ನನ್ನ ತುಟಿಗೆ ಬಿತ್ತು.

ಮತ್ತೆ ಏನೂ ಬರಲಿಲ್ಲ. ಮಾವಶಿ ಒಳಗೆ ಹೊಕ್ಕು ಕೋಲಿನಿಂದ ಹುಲ್ಲು ಸರಿಸಿ ಸರಿಸಿ ನೋಡಿದಳು. ಹೊರಗೆ ಬಂದು ಕುಡುಗೋಲನ್ನು ಅಪ್ಪನ ಕೈಗೆ ಕೊಟ್ಟಳು. ಈಗ ಒಳಗೆ ಯಾರೂ ಇರಲಿಲ್ಲ, ಎಲ್ಲಿಂದ ಕೊಯ್ದರೂ ನಡೆಯುತ್ತಿತ್ತು. ಆದರೂ ಅಪ್ಪ ಹುಲ್ಲು ಸೀಳಿಕೊಂಡು ನಡುವಿಗೆ ಹೋಗಿ ಅಲ್ಲಿಂದ ಶುರು ಮಾಡಿದ. ಸಂಜೆ ಬಂಡಿ ತುಂಬಿತು. ಆಕಳೂ ಕರುವೂ ನಮ್ಮಲ್ಲೇ ಉಳಿದವು. ಮುಂದೆ ಎಷ್ಟೋ ವರ್ಷ ಊರಿನವರು ಅಪ್ಪನನ್ನು ಕಂಡಾಗ, ಮೊಲಕ್ಕೆ ಟಿಕೆಟ್ ಎಷ್ಟು ಅಂತ ಕೇಳುತ್ತಿದ್ದರು. ಹೊರಗಿನವ ಅನ್ನುವುದನ್ನು ಮಾತ್ರ ಬಿಟ್ಟರು.

ಈಗ ನಾನೂ ನನ್ನ ಮೊಮ್ಮಕ್ಕಳೂ ನಗರದ ವಾಕಡ ಬಡಾವಣೆಯಲ್ಲಿ, ಲಿಫ್ಟ್ ಇಲ್ಲದೆ ಹತ್ತಲಾಗದಷ್ಟು ಎತ್ತರದಲ್ಲಿದ್ದೇವೆ. ಹಾಲು ಪ್ಯಾಕೆಟ್‌ನಲ್ಲಿ ಬಾಗಿಲಿಗೆ ಬರುತ್ತದೆ. ಹುಲ್ಲು ಅಂದರೆ ಅವರಿಗೆ ಸೊಸೈಟಿಯ ಲಾನ್, ಅದರ ಮೇಲೆ ಕಾಲಿಡಬೇಡಿ ಅಂತ ಬೋರ್ಡು. ಪೆಂಗ್ವಿನ್ ಬಗ್ಗೆ ನನಗಿಂತ ಹೆಚ್ಚು ಗೊತ್ತು, ಲಾವಕ್ಕಿ ಗೊತ್ತಿಲ್ಲ. ತಪ್ಪು ಅವರದ್ದಲ್ಲ, ನಾವು ತೋರಿಸಿಲ್ಲ.

ಮೊನ್ನೆ ಈ ಕಥೆ ಹೇಳಿ ಮುಗಿಸಿದಾಗ ಇಬ್ಬರೂ ಎದ್ದು ಬಾಲ್ಕನಿಗೆ ಹೋದರು. ಬೇಜಾರಾಯಿತೇನೋ ಅಂದುಕೊಂಡೆ. ಎದ್ದು ಬಾಲ್ಕನಿಗೆ ಹೋದರು. ನಮ್ಮ ಕಟ್ಟಡದ ಎದುರು ನೀಲಿ ತಗಡಿನ ಬೇಲಿ ಹಾಕಿದ ಒಂದು ಖಾಲಿ ಜಾಗವಿದೆ. ಮಳೆಗಾಲದಲ್ಲಿ ಬೆಳೆದ ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿತ್ತು. ಗೇಟಿನ ಹತ್ತಿರ ಹಳದಿ ಜೆಸಿಬಿ ಬಂದು ನಿಂತಿತ್ತು, ಡ್ರೈವರ್ ಚಹಾ ಕುಡಿಯುತ್ತಿದ್ದ.

"ಅಜ್ಜಿ, ಅದು ಯಾವ ಕಡೆಯಿಂದ ಶುರು ಮಾಡ್ತದ?" ಅಂತ ಚಿಕ್ಕವಳು ಕೇಳಿದಳು.

ತಿರುಗಿ ನೋಡಿದರೆ ದೊಡ್ಡವನು ಆಗಲೇ ಬೂಟು ಹಾಕಿಕೊಳ್ಳುತ್ತಿದ್ದ. ಡ್ರೈವರ್ ಚಹಾ ಮುಗಿಸುವುದರೊಳಗೆ ಅವನನ್ನೇ ಕೇಳೋಣ ಅಂತ ನಾವು ಮೂವರೂ ಲಿಫ್ಟಿನ ಕಡೆ ಓಡಿದೆವು.