ಹಾಲಯ್ಯನವರ ಅಂಗೈಯ ಲಿಂಗ

ಉತ್ತರದ ಈ ತೀರ್ಥಕ್ಷೇತ್ರದ ಬಂಗಾಲಿ ಟೋಲಾ ಗಲ್ಲಿಯಲ್ಲಿ ನಮ್ಮ ಕಿಟಕಿ ತೆಗೆದರೆ ಯಾತ್ರಿಕರ ಲಾಡ್ಜಿನ ಅಡುಗೆಮನೆ ಅಂಗಳ ಕಾಣುತ್ತದೆ. ಬೀದರ್ ಕಡೆಯ ಜಂಗಮರಾದ ಹಾಲಯ್ಯನವರು ಅಲ್ಲಿ ಹನ್ನೊಂದು ವರ್ಷ ಅಡುಗೆ ಮಾಡಿದರು. ಹೆಂಡತಿ ವೀರಮ್ಮ ಪಾತ್ರೆ ತೊಳೆಯುತ್ತಿದ್ದಳು. ಮೆಟ್ಟಿಲ ಕೆಳಗಿನ ಕೋಣೆಯೇ ಮನೆ. ಅವರ ಮಗಳು ಮಹೇಶ್ವರಿಗೂ ನನ್ನ ಮಗಳಿಗೂ ಆರೇ ವರ್ಷ.

ಕಳೆದ ಬೇಸಿಗೆಯಲ್ಲಿ ಬಿಸಿ ಗಂಜಿ ಬಿದ್ದು ಒಬ್ಬ ಕೆಲಸಗಾರನ ಕಾಲು ಬೆಂದಿತು. ಮಾರನೆಯ ದಿನವೇ ಅವನನ್ನು ಊರಿಗೆ ಅಟ್ಟಿದರು. ಅದರಿಂದಲೇ ಕೆಲಸಗಾರರ ಸಂಘ ಹುಟ್ಟಿತು. ವಾರಕ್ಕೊಂದು ರಜೆ, ಗಾಯವಾದರೆ ಔಷಧಿ, ಕೇಳಿದ್ದಿಷ್ಟೇ. ವೀರಮ್ಮ ಸೆರಗಿನಲ್ಲಿ ಇಂಕ್ ಪ್ಯಾಡು ಮುಚ್ಚಿಟ್ಟುಕೊಂಡು ಲಾಡ್ಜಿನಿಂದ ಲಾಡ್ಜಿಗೆ ಹೋಗಿ ಕಾರ್ಮಿಕ ಕಚೇರಿಗೆ ಕೊಡುವ ಅರ್ಜಿಗೆ ಮೂವತ್ತು ಜನರ ಹೆಬ್ಬೆಟ್ಟು ಒತ್ತಿಸಿದಳು. ನನಗೆ ಗೊತ್ತಿತ್ತು. ನನ್ನ ಗಂಡನಿಗೆ ಹೇಳಲಿಲ್ಲ, ಅವರು ಅದೇ ಲಾಡ್ಜಿನ ಯಾತ್ರಿಕರಿಗೆ ಶ್ರಾದ್ಧ ಮಾಡಿಸಿಯೇ ನಮ್ಮ ಮನೆ ನಡೆಯಬೇಕು.

ಲಾಡ್ಜಿನ ಮಾಲೀಕ ಪ್ರಕಾಶರು ವಿಚಾರಣೆಗೆ ಬರುತ್ತಾರೆಂದು ಸುದ್ದಿಯಾಯಿತು.

“ಗೊತ್ತಿಲ್ಲ ಅಂದ್ಬಿಡ್ರಿ. ಅಷ್ಟಕ್ಕ ನಾಲಿಗಿ ಸವೀತದೇನು?” ಎಂದಳು ವೀರಮ್ಮ.

“ಅಂತೀನಿ. ನೀ ಮೊದಲು ಬೆರಳಿನ ಇಂಕ್ ತೊಳಕೋ, ಲೀಡರಮ್ಮ.”

ಪ್ರಕಾಶರೂ ಕನ್ನಡದ ಮನೆತನದವರೇ. ಬೇಕೆಂದೇ ಬೆಳಿಗ್ಗೆ ಪೂಜೆಯ ಹೊತ್ತಿಗೆ ಬಂದರು. ಹಾಲಯ್ಯನವರ ಎಡ ಅಂಗೈಯಲ್ಲಿ ಲಿಂಗವಿತ್ತು.

“ಅಲ್ಲೇ ಇರಲಿ ಅಯ್ಯನೋರೆ. ಈಗ ಹೇಳಿ, ಹೆಬ್ಬೆಟ್ಟು ಒತ್ತಿಸಿದ್ದು ಯಾರು? ಗೊತ್ತಿಲ್ಲ ಅಂದ್ರೂ ನಂಬ್ತೀನಿ. ಇಲ್ಲಾಂದ್ರೆ ಸಂಜೆಗೆ ಕೋಣೆ ಖಾಲಿ.”

ಹಾಲಯ್ಯನವರ ತುಟಿ ಅಲುಗಿತು. ಗೊತ್ತಿಲ್ಲವೆಂದು ಹೇಳಿಬಿಡಿ, ಹೇಳಿಬಿಡಿ ಎಂದು ನಾನು ಕಿಟಕಿಯ ಸರಳು ಹಿಡಿದು ಬೇಡುತ್ತಿದ್ದೆ. ಲಿಂಗ ಹಿಡಿದು ಸುಳ್ಳಾಡಲು ಆ ಮನುಷ್ಯನಿಗೆ ಆಗಲೇ ಇಲ್ಲ.

“ಬಾಬಾ, ಬೋಲ್ ದೋ ನಾ,” ಹೇಳಿಬಿಡಪ್ಪಾ ಎಂದು ಮಹೇಶ್ವರಿ ಅಳತೊಡಗಿದಳು.

ವೀರಮ್ಮ ಕೈ ಒರೆಸಿಕೊಂಡು ಎದ್ದಳು. “ನಾನs ಒತ್ತಿಸಿದ್ದು. ಅವರನ್ನ್ಯಾಕ ಕಾಡ್ತೀರಿ?”

ಸಂಜೆಗೆ ಅವರ ಪಾತ್ರೆ, ಹಾಸಿಗೆ ಗಲ್ಲಿಯಲ್ಲಿದ್ದವು. ನಮ್ಮಲ್ಲಿ ಒಂದು ರಾತ್ರಿ ಇರಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಈಗ ಹರಿಶ್ಚಂದ್ರ ಘಾಟಿನ ಹಿಂದೆ ಒಂದು ಕೋಣೆ ಸಿಕ್ಕಿದೆ. ಚಿತೆಯ ಹೊಗೆಗೆ ಮಹೇಶ್ವರಿ ಕೆಮ್ಮುತ್ತಾಳೆ. ಯಾವ ಲಾಡ್ಜೂ ಅವರಿಬ್ಬರನ್ನು ಸೇರಿಸುತ್ತಿಲ್ಲ. ಮೂವತ್ತು ಜನರಲ್ಲಿ ಇಪ್ಪತ್ತೇಳು ಜನ, ಏನೆಂದು ತಿಳಿಯದೆ ಒತ್ತಿದೆವು ಎಂದು ಬರೆದುಕೊಟ್ಟರು. ಕಚೇರಿಯ ವಿಚಾರಣೆ ಎರಡು ಸಲ ಮುಂದೆ ಹೋಯಿತು.

ಮೊನ್ನೆ ಕೆಮ್ಮಿನ ಔಷಧಿ ಕೊಡಲು ಹೋದಾಗ ತಡೆಯಲಾರದೆ ಕೇಳಿದೆ: “ಗೊತ್ತಿಲ್ಲ ಅಂತ ಒಂದು ಮಾತು ಅಂದುಬಿಡಬಾರದಿತ್ತೆ, ಅಯ್ಯನೋರೆ?”

“ದಿನಾ ಅಂದು ನೋಡ್ತೀನಿ ಅಕ್ಕೋರ, ಬರಿಗೈಲೆ. ಸಲೀಸಾಗಿ ಬರ್ತದ,” ಎಂದರು. “ಗಂಜಿ ಬಿದ್ದದ್ದು, ಅವನ್ನ ಅಟ್ಟಿದ್ದು, ಎಲ್ಲಾ ಕಚೇರ್ಯಾಗ ಲಿಂಗ ಹಿಡಕೊಂಡು ಹೇಳ್ತೀನಿ.”

ನಿನ್ನೆ ಹಾಲಯ್ಯನವರು ಹೊತ್ತಿಗೆ ಮುಂಚೆಯೇ ಕಚೇರಿಗೆ ಹೋಗಿದ್ದರಂತೆ. ವಿಚಾರಣೆ ಮೂರನೆಯ ಸಲ ಮುಂದೆ ಹೋಯಿತು.